ಕಂಚಿನ ರೋಮನ್ ನಾಣ್ಯವನ್ನು ಗುರುತಿಸುವುದು

ನಾವು ರೈಲಿನಲ್ಲಿ ಹೋಗಿಬರುವ ಬೆಂಗಳೂರಿನ ಯಶವಂತಪುರದಲ್ಲೇ 1891ರಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು. ಕಂಚಿನವು ಹೆಚ್ಚಾಗಿ ಸಿಕ್ಕಿರುವುದು ತಮಿಳುನಾಡಿನ ಮಧುರೆ, ಕರೂರು ಕಡೆ. ಬಹುಪಾಲು 4–5ನೇ ಶತಮಾನದ ಸಣ್ಣ, ಸವೆದ ಬಿಲ್ಲೆಗಳು.

ಅಂಥದ್ದು ಕೈಗೆ ಬಂದರೆ ಮೊದಲು ಚಕ್ರವರ್ತಿಯ ತಲೆ ನೋಡಿ. ಮುತ್ತಿನ ಪಟ್ಟಿ ಇದ್ದರೆ ಕಾನ್‌ಸ್ಟಂಟೈನನ ಕಾಲದ್ದು ಅಥವಾ ನಂತರದ್ದು. ಎಲೆಯ ಕಿರೀಟವಿದ್ದು, ಹಿಂಬದಿಯಲ್ಲಿ ದೊಡ್ಡದಾಗಿ ‘ಎಸ್ ಸಿ’ ಎಂಬ ಅಕ್ಷರಗಳಿದ್ದರೆ ಮೊದಲ ಮೂರು ಶತಮಾನಗಳದ್ದು. ಸುತ್ತಲಿನ ಬರಹದಲ್ಲಿ ‘ಎ ವಿ ಜಿ’ ಕಂಡಕೂಡಲೇ ಅಗಸ್ಟಸ್ ದೊರೆಯದೆಂದು ಹಿಗ್ಗಬೇಡಿ! ಅದು ಮುಂದಿನ ಚಕ್ರವರ್ತಿಗಳೂ ಧರಿಸಿದ ಬಿರುದು; ಹೆಸರು ಸಾಮಾನ್ಯವಾಗಿ ಅದಕ್ಕೆ ಮೊದಲೇ ಇರುತ್ತದೆ.

ಹುಣಸೆಹಣ್ಣು ಹಾಕಿ ಮಾತ್ರ ಉಜ್ಜಬೇಡಿ. ಸವೆದ ಅಕ್ಷರಗಳು ಎಷ್ಟೋ ಸಲ ಆ ಹಸಿರು ಪದರದಲ್ಲೇ ಉಳಿದಿರುತ್ತವೆ. ಅದು ಹೋದರೆ ಹೆಸರೂ ಹೋಯಿತು. ನೆಲದಡಿ ಸಿಕ್ಕ ನಿಧಿಯಾದರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಕಾನೂನೇ ಇದೆ.