ಚಾರ್ಲಿ ಮರಿಯಾನೋ ಮತ್ತು ಬೆಂಗಳೂರಿನ ತಾಳ

ಫ್ಯೂಷನ್ ಅಂದ್ರೆ ನಮ್ಮ ಫೆಸ್ಟ್ ಬ್ಯಾಂಡ್‌ಗಳಿಗೆ ಕೊಳಲಿನ ಹಿಂದೆ ಡ್ರಮ್ಸ್ ಸೇರಿಸೋದು, ಅಷ್ಟೇ. ಚಾರ್ಲಿ ಮರಿಯಾನೋ ಉಲ್ಟಾ ಮಾಡಿದ್ರು. 1923ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿದ ಜಾಝ್ ಕಲಾವಿದ. ಚಾರ್ಲ್ಸ್ ಮಿಂಗಸ್ ಜೊತೆ ಸ್ಯಾಕ್ಸೋಫೋನ್ ನುಡಿಸಿದವರು. ಆಮೇಲೆ ನಾಗಸ್ವರವನ್ನೂ ಕಲಿತರು.

1983ರಲ್ಲಿ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದ ಜೊತೆ 'ಜ್ಯೋತಿ' ಆಲ್ಬಂ ಮಾಡಿದರು. ಅದರಲ್ಲಿ ಸ್ಯಾಕ್ಸ್ ಜೊತೆ ಕೊಳಲೂ ಅವರದ್ದೇ. ಆರ್.ಎ. ರಮಾಮಣಿ ಅವರ ಹಾಡು, ಟಿ.ಎ.ಎಸ್. ಮಣಿ ಅವರ ಮೃದಂಗ, ಜೊತೆಗೆ ಘಟ, ಮೋರ್ಸಿಂಗ್, ಖಂಜಿರ. ಡ್ರಮ್ಸೂ ಇಲ್ಲ, ಪಿಯಾನೋನೂ ಇಲ್ಲ. ಜಾಝ್‌ನವರು ಸಾಮಾನ್ಯವಾಗಿ ಕಾರ್ಡ್‌ಗಳ ಆಸರೆಯಲ್ಲಿ ಇಂಪ್ರೊವೈಸ್ ಮಾಡ್ತಾರೆ. ಇಲ್ಲಿ ಆ ಆಸರೆಯೇ ಇಲ್ಲ, ತಂಬೂರಿ ಶ್ರುತಿ ಮತ್ತು ತಾಳದ ಲೆಕ್ಕ ಮಾತ್ರ. ಆಗ ಅವರಿಗೆ 59 ವರ್ಷ!

ಹೂಡೆ ಬೀಚಲ್ಲಿ ಕೂತು ಕೇಳಿದ್ವಿ. ಸ್ಯಾಕ್ಸ್ ಎಲ್ಲಿ ನಿಲ್ತು, ರಮಾಮಣಿ ಅವರ ದನಿ ಎಲ್ಲಿ ಶುರುವಾಯ್ತು ಅಂತ ಒಂದೆರಡು ಕಡೆ ಗೊತ್ತೇ ಆಗ್ಲಿಲ್ಲ.