ಚಿನ್ನ ಹೋಯ್ತು, ತಾಮ್ರ ಉಳೀತು

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಪುಟ್ಟ ಮನೆಯ ಆಕಾರದ ಒಂದು ನೀಲಿ ಪೆಟ್ಟಿಗೆ ಇದೆ. ಎತ್ತರ ಸುಮಾರು 30 ಸೆಂಟಿಮೀಟರ್. ಅದರ ಮುಂಭಾಗದಲ್ಲಿರೋದು ಒಂದು ಕೊಲೆಯ ಚಿತ್ರ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ಗೂ ರಾಜ ಎರಡನೇ ಹೆನ್ರಿಗೂ ಜಗಳ. 1170ರ ಡಿಸೆಂಬರ್ 29ರಂದು ರಾಜನ ಕಡೆಯ ನಾಲ್ವರು ಯೋಧರು ಬೆಕೆಟ್‌ನನ್ನು ಚರ್ಚಿನೊಳಗೇ ಕೊಂದರು. (ಪೆಟ್ಟಿಗೆ ಮೇಲೆ ಮೂವರೇ ಇದ್ದಾರೆ, ಪ್ರಾಯಶಃ ಜಾಗ ಸಾಲಲಿಲ್ಲ!) 1173ರಲ್ಲಿ ಪೋಪ್ ಅವನನ್ನು ಸಂತ ಎಂದು ಘೋಷಿಸಿದರು. ಸಂತನ ಮೂಳೆ, ಬಟ್ಟೆಯ ಚೂರು ಇಡೋಕೆ ಪೆಟ್ಟಿಗೆ ಬೇಕಲ್ಲ? ಫ್ರಾನ್ಸಿನ ಲಿಮೋಜ್ ಊರಿನ ಕುಶಲಕರ್ಮಿಗಳು ಇದನ್ನು 1180ರ ದಶಕದ ಹೊತ್ತಿಗೆ ಮಾಡಿದರು.

ಒಳಗೆ ಮರ, ಹೊರಗೆ ತಾಮ್ರದ ತಗಡು. ತಗಡಿನಲ್ಲಿ ಗುಳಿ ತೋಡಿ, ಬಣ್ಣದ ಗಾಜಿನ ಪುಡಿಯನ್ನು ಒದ್ದೆ ಮಾಡಿ ತುಂಬಿ, ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡ್ತಾರೆ. ಕರಗಿದ ಪುಡಿ ಕುಗ್ಗಿ ಕೆಳಗಿಳಿಯುತ್ತೆ, ಮತ್ತೆ ತುಂಬಿ ಮತ್ತೆ ಸುಡಬೇಕು. ಆಮೇಲೆ ಉಜ್ಜಿ ನುಣುಪು ಮಾಡಿ, ಉಳಿದ ತಾಮ್ರಕ್ಕೆ ಪಾದರಸದಲ್ಲಿ ಕಲಸಿದ ಚಿನ್ನ ಹಚ್ಚಿ ಕಾಯಿಸ್ತಾರೆ. ಪಾದರಸ ಆವಿಯಾಗಿ ಹೋಗುತ್ತೆ. ಯಾರ ಮೂಗಿಗೆ ಅಂತ ಕೇಳಬೇಡಿ. ನಮ್ಮಲ್ಲಿ ಸಿಗೋ ಮೀನಾಕಾರಿ ಒಡವೆಗಳಲ್ಲೂ ಲೋಹದ ಗುಳಿಗೆ ಗಾಜು ತುಂಬಿ ಸುಡೋದೇ ಕೆಲಸ.

ಆದರೆ ಗಾಜು 800 ವರ್ಷ ತಾಮ್ರವನ್ನು ಬಿಡದೆ ಹಿಡಿದುಕೊಂಡಿದ್ದು ಹೇಗೆ? ಒಂದು ಡಿಗ್ರಿ ಬಿಸಿಯಾದರೆ ತಾಮ್ರ ಹತ್ತು ಲಕ್ಷದಲ್ಲಿ 17 ಭಾಗ ಹಿಗ್ಗುತ್ತೆ, ಕಿಟಕಿ ಗಾಜು ಬರೀ 9 ಭಾಗ. ಅಷ್ಟು ವ್ಯತ್ಯಾಸ ಇದ್ದರೆ ಆರುವಾಗ ಗಾಜು ಚಿಟ್ ಅಂತ ಎದ್ದು ಬರುತ್ತೆ. ಸೋಡಾದಂಥ ಕ್ಷಾರ ಜಾಸ್ತಿ ಇರುವ ಗಾಜು ಹೆಚ್ಚು ಹಿಗ್ಗುತ್ತೆ, ತಾಮ್ರಕ್ಕೆ ಹತ್ತಿರ ಬರುತ್ತೆ. ಪೂರ್ತಿ ಸರಿಸಮ ಆಗೋದೂ ಬೇಡ: ತಾಮ್ರ ಸ್ವಲ್ಪ ಜಾಸ್ತಿ ಕುಗ್ಗಿದರೆ ಗಾಜು ಒತ್ತಡದಲ್ಲಿರುತ್ತೆ. ಎಳೆದರೆ ಒಡೆಯೋ ಗಾಜು ಒತ್ತಿದರೆ ಗಟ್ಟಿ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪುಸ್ತಕ ಇಲ್ಲದ ಕಾಲದಲ್ಲಿ ಇದನ್ನೆಲ್ಲ ಸುಟ್ಟು ಸುಟ್ಟೇ ಕಲಿತಿರಬೇಕು.

ಗಾಜು ಎಲ್ಲಿಂದ? 12ನೇ ಶತಮಾನದ ಥಿಯೋಫಿಲಸ್ ಎಂಬ ಸನ್ಯಾಸಿ, ಹಳೆಯ ಕಟ್ಟಡಗಳ ಮೊಸಾಯಿಕ್‌ನಲ್ಲಿ ಸಿಗೋ ಗಾಜಿನ ಚೌಕಗಳಿಂದ ಎನಾಮೆಲ್ ಮಾಡ್ತಾರೆ ಅಂತ ಬರೆದಿದ್ದಾನೆ. ರೀಸೈಕ್ಲಿಂಗ್ ಹೊಸದೇನಲ್ಲ.

ಕ್ಯಾಂಟರ್ಬರಿಯಲ್ಲಿ ಬೆಕೆಟ್‌ನ ಸಮಾಧಿಗೆ ಚಿನ್ನ, ರತ್ನ ಹೊದಿಸಿದ್ದರು. 1538ರಲ್ಲಿ ಎಂಟನೇ ಹೆನ್ರಿ ಅದನ್ನು ಒಡೆಸಿ ಎಲ್ಲ ಖಜಾನೆಗೆ ಸೇರಿಸಿದ. ಪುಸ್ತಕಗಳಿಂದ ಬೆಕೆಟ್‌ನ ಹೆಸರನ್ನೂ ಅಳಿಸಬೇಕು ಅಂತ ಆಜ್ಞೆ ಹೊರಡಿಸಿದ. ಚಿನ್ನವನ್ನು ಕರಗಿಸಿದರೆ ದುಡ್ಡು, ಗಾಜು ಮೆತ್ತಿದ ತಾಮ್ರ ಕರಗಿಸಿದರೆ ಏನು ಸಿಗುತ್ತೆ? ಬೆಕೆಟ್‌ನ ಕಥೆ ಇರುವ ಲಿಮೋಜ್ ಪೆಟ್ಟಿಗೆಗಳು ಇವತ್ತಿಗೂ ಸುಮಾರು 50 ಉಳಿದಿರೋದಕ್ಕೆ ಇದೂ ಒಂದು ಕಾರಣ ಅನ್ಸುತ್ತೆ. ಲಂಡನ್ನಿನ ಪೆಟ್ಟಿಗೆ 1996ರಲ್ಲಿ ಹರಾಜಿಗೆ ಬಂದಾಗ ಬೆಲೆ 40 ಲಕ್ಷ ಪೌಂಡ್ ದಾಟಿತ್ತು.