ಉಣ್ಣೆ, ಬೆಳ್ಳುಳ್ಳಿ, ರಕ್ತದ ತುಕ್ಕು

ಕಾಮಾಕ್ಷಿಪಾಳ್ಯದ ಲೇತ್ ಶೆಡ್ಡೊಂದರ ಕಾವಲು ನಾಯಿ ಕರಿಯ ಎರಡು ದಿನದಿಂದ ಅನ್ನ ಮುಟ್ಟಿರಲಿಲ್ಲ. ತುಟಿ ಎತ್ತಿ ನೋಡಿದರೆ ವಸಡು ಸುಣ್ಣ ಬಳಿದಂತೆ ಬಿಳಿಚಿಕೊಂಡಿತ್ತು. ಶಟರ್ ಪಕ್ಕದ ಉಚ್ಚೆ ಕಾಫಿ ಡಿಕಾಕ್ಷನ್ ಬಣ್ಣ. ಸುತ್ತ ಸೇರಿದವರು ತಲೆಗೊಂದು ಮಾತು ಹೇಳಿದರು.

“ಉಣ್ಣೆ ರಕ್ತ ಕುಡಿದೂ ಕುಡಿದೂ ಹಿಂಗಾಗಿದೆ.”

ಪುಟ್ಟ ಮರಿಯಾಗಿದ್ದರೆ ಒಪ್ಪಬಹುದಿತ್ತು. ಬೆಳೆದ ನಾಯಿಯ ಉಚ್ಚೆ ಈ ಬಣ್ಣಕ್ಕೆ ತಿರುಗಿದರೆ ಮೊದಲು ಅನುಮಾನಿಸಬೇಕಾದ್ದು ಉಣ್ಣೆ ಕಚ್ಚುವಾಗ ಒಳಗೆ ಬಿಟ್ಟುಹೋದ ಬಬೇಸಿಯಾ ಎಂಬ ರಕ್ತದ ಪರಾವಲಂಬಿಯನ್ನು. ಅದರ ಒಂದು ಜಾತಿಯನ್ನು 1910ರಲ್ಲಿ ಪ್ಯಾಟನ್ ಎಂಬಾತ ಮದ್ರಾಸಿನ ಬೇಟೆನಾಯಿಗಳಲ್ಲಿ ಗುರುತಿಸಿದ್ದ. ಈಗ ಅದರ ಹೆಸರು ಬಬೇಸಿಯಾ ಗಿಬ್ಸೋನಿ. ಇದರ ವಿಚಿತ್ರವೆಂದರೆ, ಸ್ಲೈಡಿನಲ್ಲಿ ಹುಡುಕಿದರೆ ಬೆರಳೆಣಿಕೆಯ ಜೀವಿಗಳು ಸಿಗಬಹುದು, ರಕ್ತ ಮಾತ್ರ ಅರ್ಧಕ್ಕೆ ಇಳಿದಿರುತ್ತದೆ. ಹಾಗಾದರೆ ಉಳಿದ ರಕ್ತ ಎಲ್ಲಿ ಹೋಯಿತು?

ಬಹುಪಾಲು ಮೈಯೊಳಗೇ ಒಡೆಯಿತು. ರೋಗಾಣುವನ್ನು ಸುಡಲು ಬಿಳಿರಕ್ತಕಣಗಳು ಆಮ್ಲಜನಕದಿಂದಲೇ ಸೂಪರಾಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ತಯಾರಿಸುತ್ತವೆ. ಅದರ ಕಿಡಿ ರೋಗಾಣು ಹೊಕ್ಕದ ಕೆಂಪು ಕಣಗಳಿಗೂ ತಾಗುತ್ತದೆ. ಕಣದ ಹೊರಪೊರೆಯ ಕೊಬ್ಬು ಕೆಡುತ್ತದೆ, ಪೊರೆ ಬಿರುಸಾಗುತ್ತದೆ, ಅದನ್ನು ಕಾಯುವ ಗ್ಲೂಟಥಯಾನ್ ಕರಗುತ್ತದೆ. ಶೆಡ್ಡಿನವರಿಗೆ ಇದನ್ನು ಹೇಳುವುದು ಸುಲಭ: ರಕ್ತಕ್ಕೆ ತುಕ್ಕು. ಗುಲ್ಮವೋ ಗುಣಮಟ್ಟ ನೋಡುವ ಕಟ್ಟುನಿಟ್ಟಿನ ಕ್ಯೂಸಿಯವನಂತೆ ಇಂಥ ಕಣಗಳನ್ನೆಲ್ಲ ರಿಜೆಕ್ಟ್ ಮಾಡಿ ನುಂಗುತ್ತದೆ. ನಾಯಿಯದೇ ಪ್ರತಿಕಾಯಗಳು ಅದರ ಕಣಗಳಿಗೇ ಅಂಟಿಕೊಂಡು ಈ ಕೆಲಸಕ್ಕೆ ಇನ್ನಷ್ಟು ವೇಗ ಕೊಡುವುದೂ ಉಂಟು.

“ಬೆಳ್ಳುಳ್ಳಿ ಜಜ್ಜಿ ಅನ್ನಕ್ಕೆ ಕಲಸಿ. ಉಣ್ಣೆನೂ ಬಿದ್ದೋಗುತ್ತೆ, ಜಂತುನೂ ಹೋಗುತ್ತೆ.”

ನನಗೆ ನಿಜಕ್ಕೂ ಸಿಟ್ಟು ಬರಿಸುವ ಮದ್ದು ಇದು. ನಮಗೆ ಒಗ್ಗುವ ಈರುಳ್ಳಿ, ಬೆಳ್ಳುಳ್ಳಿಯ ಗಂಧಕದ ಅಂಶಗಳು ನಾಯಿಯ ಕೆಂಪು ಕಣಗಳನ್ನು ಆಕ್ಸಿಡೀಕರಿಸುತ್ತವೆ. ಹಿಮೋಗ್ಲೋಬಿನ್ ಕೆಟ್ಟು ಕಣದೊಳಗೆ ಗಂಟುಗಟ್ಟುತ್ತದೆ. ಆ ಗಂಟಿಗೆ ಹೈಂಜ್ ಕಾಯ ಎನ್ನುತ್ತಾರೆ. ಅಂದರೆ ಬಬೇಸಿಯಾ ಮಾಡುತ್ತಿರುವ ಕೆಲಸವನ್ನೇ ನಾವೂ ಕೈಯಾರೆ ಮಾಡಿದಂತೆ. ಬೇಯಿಸಿದರೂ ಈ ಗುಣ ಹೋಗುವುದಿಲ್ಲ. ನಿನ್ನೆಯ ಸಾಂಬಾರು ಸುರಿಯುವವರೂ ಇದನ್ನು ಗಮನಿಸಬೇಕು.

“ಮೈ ಸುಡ್ತಿದೆ, ಅರ್ಧ ಪ್ಯಾರಾಸಿಟಮಾಲ್ ಕೊಡಿ.”

ಆರೋಗ್ಯವಾಗಿರುವ ನಾಯಿಯ ಮೈಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ, ನಮ್ಮ ಕೈಗೆ ಅದು ಯಾವಾಗಲೂ ಬಿಸಿಯೇ. ಪ್ರಮಾಣ ಮೀರಿದ ಪ್ಯಾರಾಸಿಟಮಾಲ್ ಯಕೃತ್ತಿನ ಗ್ಲೂಟಥಯಾನನ್ನು ಬರಿದು ಮಾಡುತ್ತದೆ, ಹಿಮೋಗ್ಲೋಬಿನ್ನಿನ ಕಬ್ಬಿಣವನ್ನು ಆಮ್ಲಜನಕ ಹೊರಲಾರದ ಸ್ಥಿತಿಗೆ ತರುತ್ತದೆ. ಅದರ ಬದಲು ಐಬುಪ್ರೊಫೇನ್ ಕೊಟ್ಟರೆ ಹೊಟ್ಟೆಗೂ ಕಿಡ್ನಿಗೂ ಅಪಾಯ.

“ಆಂಟಿಆಕ್ಸಿಡೆಂಟ್ ಸಿರಪ್ ಇದೆಯಲ್ಲ!”

ವೈದ್ಯರು ಜೊತೆಗೆ ಬರೆದುಕೊಟ್ಟರೆ ಸರಿ. ಅದರಿಂದ ಬಬೇಸಿಯಾ ಸಾಯುವುದಿಲ್ಲ. ಗಿಬ್ಸೋನಿಗೆ ಅಟೊವಕೋನ್ ಮತ್ತು ಅಜಿತ್ರೊಮೈಸಿನ್ ಜೋಡಿ ಬೇಕಾಗುತ್ತದೆ. ದೊಡ್ಡ ಗಾತ್ರದ ಬಬೇಸಿಯಾಕ್ಕೆ ಕೊಡುವ ಇಂಜೆಕ್ಷನ್ ಇದಕ್ಕೆ ಹಲವು ಸಲ ಸಾಲದು. ಟಿಕ್ ಫೀವರ್ ಎಂದು ಎಲ್ಲರೂ ಹೇಳುವ ಇನ್ನೊಂದು ರೋಗ ಎರ್ಲಿಕಿಯಾ. ಅದು ಬ್ಯಾಕ್ಟೀರಿಯಾದ ಕೆಲಸ, ಔಷಧ ಡಾಕ್ಸಿಸೈಕ್ಲಿನ್, ಸುಮಾರು 4 ವಾರ. ಮೂರನೇ ದಿನ ನಾಯಿ ಊಟ ಮಾಡಿತೆಂದು ಮಾತ್ರೆ ನಿಲ್ಲಿಸುವವರು ಬಹಳ. ಯಾವುದಕ್ಕೆ ಯಾವ ಔಷಧ ಎಂಬುದು ರಕ್ತಪರೀಕ್ಷೆಯಾಗದೆ ತೀರ್ಮಾನವಾಗದು.

“ರೇಬಿಸ್ ಇಂಜೆಕ್ಷನ್ ಹಾಕ್ಸಿದೀವಲ್ಲ.”

ಅದು ರೇಬಿಸ್‌ಗೆ ಮಾತ್ರ.

“ಇರೋ ಉಣ್ಣೆನೆಲ್ಲ ಕಿತ್ತು ಸುಟ್ಟಿದ್ದೀವಿ, ಮುಗೀತು.”

ರಕ್ತ ಕುಡಿದು ಹುಣಸೆಬೀಜದಂತೆ ಊದಿದ ಹೆಣ್ಣು ಉಣ್ಣೆ ತಾನಾಗಿ ಕಳಚಿಕೊಂಡು ಸಂದಿಗೆ ಸೇರಿ ಸಾವಿರಾರು ಮೊಟ್ಟೆ ಇಡುತ್ತದೆ. ಕರಿಯನ ಗೋಣಿಚೀಲದ ಹಿಂದೆ ಟಾರ್ಚ್ ಬಿಟ್ಟೆ. ಹಾಲೋಬ್ಲಾಕ್ ಗೋಡೆಯ ಬಿರುಕಿನೊಳಗೆ ಎಳ್ಳಿಗಿಂತ ಸಣ್ಣ ಮರಿಗಳು ಮೇಲಕ್ಕೆ ಹತ್ತುತ್ತಿದ್ದವು. ನಾಯಿಯನ್ನು ಆಟೋದಲ್ಲಿ ಪಶು ಆಸ್ಪತ್ರೆಗೆ ಕಳಿಸಿದ ಮೇಲೆ ಶೆಡ್ಡಿನ ಹುಡುಗ ಗೋಣಿಚೀಲ ಸುಟ್ಟ. ಆಮೇಲೆ ಬಾಂಡ್ಲಿಯಲ್ಲಿ ಸಿಮೆಂಟ್ ಕಲಸಿಕೊಂಡು ಬಿರುಕು ಮುಚ್ಚಲು ಕೂತ.